ಹಸಿರು ಸರ್ಟಿಫಿಕೇಟ್ ತೋರಿಸಿ ಮನೆ ಮಾರುವವರ ಮೀಟರನ್ನೂ ನೋಡಿ: ರೇರಾಗೆ ಒಂದು ಬಹಿರಂಗ ಪತ್ರ

ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ,
ಬೆಂಗಳೂರು ಇವರಿಗೆ

ಮಾನ್ಯರೇ,

ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಹೆಬ್ಬಾಳ, ಕನಕಪುರ ರಸ್ತೆ, ಯಾವ ಕಡೆ ಹೋದರೂ ಹೊಸ ಅಪಾರ್ಟ್‌ಮೆಂಟ್‌ಗಳ ಹೋರ್ಡಿಂಗ್ ಮೇಲೆ ಒಂದು ಹಸಿರು ಎಲೆ ಕಾಣಿಸುತ್ತದೆ. ಪಕ್ಕದಲ್ಲಿ ‘ಗೋಲ್ಡ್’ ಅಂತಲೋ ‘ಪ್ಲಾಟಿನಂ’ ಅಂತಲೋ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಹತ್ತಿರ ಹೋಗಿ ನೋಡಿದರೆ ಅದರ ಹಿಂದೆ ಸಣ್ಣಕ್ಷರದಲ್ಲಿ ‘ಪ್ರಿ-ಸರ್ಟಿಫೈಡ್’ ಅಂತ ಇರುವುದೂ ಉಂಟು. ಮನೆ ಕೊಳ್ಳುವವರು ದಪ್ಪಕ್ಷರ ಓದುತ್ತಾರೆ. ಸಣ್ಣಕ್ಷರ ಓದುವ ಕೆಲಸ ತಮ್ಮದು ಅಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ನಾನು ಎಲೆಕ್ಟ್ರಿಕಲ್ ಇಂಜಿನಿಯರ್. ಗ್ರೀನ್ ಬಿಲ್ಡಿಂಗ್ ಸರ್ಟಿಫಿಕೇಟಿಗೆ ಬೇಕಾದ ಬೆಳಕು, ನೀರು, ಕರೆಂಟಿನ ಲೆಕ್ಕಪತ್ರ ತಯಾರಿಸುವುದು ಬಹಳ ವರ್ಷಗಳಿಂದ ನನ್ನ ಕಸುಬು. ನಾನು ವಾಸವಿರುವ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನಲ್ಲಿ ಪಂಪು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ), ಕರೆಂಟ್ ಬಿಲ್ಲು ನೋಡಿಕೊಳ್ಳುವುದೂ ನನ್ನ ಪಾಲಿಗೇ ಬಂದಿದೆ. ಹಾಗಾಗಿ ಕಾಗದದ ಮೇಲಿನ ಕಟ್ಟಡ, ಜನ ವಾಸ ಮಾಡುವ ಕಟ್ಟಡ, ಎರಡನ್ನೂ ನೋಡುತ್ತಿರುತ್ತೇನೆ. ಎರಡರ ನಡುವೆ ಎಷ್ಟು ದೂರ ಇದೆ ಅಂತ ಅಳೆಯುವವರು ಮಾತ್ರ ಯಾರೂ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಹಸಿರು ಕಟ್ಟಡ ಅಂತ ಹೇಳಿಕೊಂಡು ಮನೆ ಮಾರಿದ ಪ್ರತಿ ಪ್ರಾಜೆಕ್ಟೂ, ಜನ ಬಂದು ನೆಲೆಸಿದ ಮೇಲೆ, ಒಂದು ವರ್ಷದ ಮೀಟರ್ ಲೆಕ್ಕವನ್ನು ರೇರಾ ವೆಬ್‌ಸೈಟಿನಲ್ಲಿ ಹಾಕಬೇಕು. ಎರಡೇ ಅಂಕಿ. ಕಾಮನ್ ಏರಿಯಾಗೆ ಎಷ್ಟು ಯೂನಿಟ್ ಕರೆಂಟ್ ಖರ್ಚಾಯಿತು? ಒಬ್ಬರಿಗೆ ದಿನಕ್ಕೆ ಎಷ್ಟು ಲೀಟರ್ ನೀರು ಹೋಯಿತು? ಇಷ್ಟು ಸಾಕು.

ಈ ರೇಟಿಂಗ್‌ಗಳ ಬಗ್ಗೆ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ನಮ್ಮಲ್ಲಿ ಜಾಸ್ತಿ ಕೇಳಿಬರುವ ಹೆಸರು ಮೂರು. ಉದ್ಯಮಗಳ ಒಕ್ಕೂಟ ಸಿಐಐ ಅಡಿಯಲ್ಲಿ 2001ರಲ್ಲಿ ಶುರುವಾದ ಐಜಿಬಿಸಿ, ಅಂದರೆ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್. ಇದರ ಕೇಂದ್ರ ಕಚೇರಿ ಹೈದರಾಬಾದಿನಲ್ಲಿದೆ. ಅಲ್ಲಿನ ಕಟ್ಟಡವನ್ನು 2004ರಲ್ಲಿ ಅಬ್ದುಲ್ ಕಲಾಂ ಉದ್ಘಾಟನೆ ಮಾಡಿದ್ದರು. ಎರಡನೆಯದು ಅಮೆರಿಕದ ಲೀಡ್. ಮೂರನೆಯದು ಇಂಧನ ಸಂಶೋಧನೆ ಮಾಡುವ ಟೆರಿ ಸಂಸ್ಥೆ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ತಂದ ‘ಗೃಹ’. ಮೊದಲ ಎರಡರಲ್ಲಿ ಸರ್ಟಿಫೈಡ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೆಟ್ಟಿಲುಗಳು. ಗೃಹದಲ್ಲಿ ಒಂದರಿಂದ ಐದು ಸ್ಟಾರ್. ಲೀಡ್‌ನಲ್ಲಿ ಒಟ್ಟು 110 ಅಂಕ. 60 ಬಂದರೆ ಗೋಲ್ಡ್, 80 ಬಂದರೆ ಪ್ಲಾಟಿನಂ.

ಇವರಿಂದ ಒಳ್ಳೆಯದು ಬಹಳ ಆಗಿದೆ, ಅದನ್ನು ಮರೆಯಬಾರದು. ಎರಡು ಗುಂಡಿಯ ಫ್ಲಶ್, ಕಡಿಮೆ ನೀರಿನ ನಲ್ಲಿ, ವಾಸನೆ ಇಲ್ಲದ ಪೇಂಟು, ಬೂದಿ ಇಟ್ಟಿಗೆ, ಇವನ್ನೆಲ್ಲ ಒಂದು ಕಾಲದಲ್ಲಿ ಹುಡುಕಿಕೊಂಡು ಹೋಗಬೇಕಿತ್ತು. ಈಗ ಯಾವುದೇ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಹೀಗಾಗಿದ್ದರಲ್ಲಿ ರೇಟಿಂಗ್ ಸಂಸ್ಥೆಗಳ ಪಾಲಿದೆ.

ತಕರಾರು ಇರುವುದು ಬೇರೆ ಕಡೆ. ಪ್ರಿ-ಸರ್ಟಿಫಿಕೇಟ್ ಕೊಡುವುದು ಡ್ರಾಯಿಂಗ್ ನೋಡಿ. ‘ಹೀಗೆ ಕಟ್ಟುತ್ತೇವೆ’ ಅಂತ ಬಿಲ್ಡರ್ ಬರೆದುಕೊಟ್ಟದ್ದನ್ನು ನೋಡಿ. ಆಗ ಸೈಟಿನಲ್ಲಿ ಪಾಯ ತೋಡುತ್ತಿರಬಹುದು, ಅದೂ ಇಲ್ಲದಿರಬಹುದು. ಕಟ್ಟಿ ಮುಗಿಸಿದ ಮೇಲೆ ಬಿಲ್ಲು, ಫೋಟೋ, ಟೆಸ್ಟ್ ರಿಪೋರ್ಟ್ ಎಲ್ಲ ಕೊಟ್ಟು ಕೊನೆಯ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಅಷ್ಟು ಹೊತ್ತಿಗೆ ಮನೆಗಳೆಲ್ಲ ಮಾರಾಟವಾಗಿರುತ್ತವೆ. ಕೊಂಡವರು ಬಡಗಿ, ಪೇಂಟರ್ ಹಿಂದೆ ಓಡಾಡುತ್ತಿರುತ್ತಾರೆ. ಆ ಕೊನೆಯ ಕಾಗದ ಬಂತಾ ಅಂತ ಕೇಳುವವರೇ ಅಪರೂಪ. ನಿಶ್ಚಿತಾರ್ಥದ ಫೋಟೋ ತೋರಿಸಿ ಮದುವೆ ಆಯಿತು ಅಂದರೆ ನಾವು ಒಪ್ಪುತ್ತೇವಾ? ಕೋಟಿ ರೂಪಾಯಿ ಮನೆಯ ವಿಷಯದಲ್ಲಿ ಒಪ್ಪಿಕೊಂಡು ಕೂತಿದ್ದೇವೆ.

ಸರಿ, ಕೊನೆಯ ಸರ್ಟಿಫಿಕೇಟೂ ಬಂತು ಅಂದುಕೊಳ್ಳಿ. ಆಗಲೂ ಅದರ ಒಳಗಿರುವುದು ಬಹುಪಾಲು ಅಂದಾಜಿನ ಲೆಕ್ಕ. ನೀರನ್ನೇ ತೆಗೆದುಕೊಳ್ಳೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು ಅಂತ ಕೋರಿಕೆ.

ಲೀಡ್‌ನ ನಾಲ್ಕನೇ ಆವೃತ್ತಿಯಲ್ಲಿ ಮನೆಗಳ ನೀರಿನ ಲೆಕ್ಕ ಹೀಗಿದೆ. ಒಬ್ಬ ಮನುಷ್ಯ ದಿನಕ್ಕೆ 5 ಸಲ ಫ್ಲಶ್ ಮಾಡುತ್ತಾನೆ, ಸಲಕ್ಕೆ 6 ಲೀಟರ್. ವಾಶ್‌ಬೇಸಿನ್ ನಲ್ಲಿಯನ್ನು 5 ಸಲ, ಒಂದೊಂದು ನಿಮಿಷ ಬಿಡುತ್ತಾನೆ, ನಿಮಿಷಕ್ಕೆ 8.3 ಲೀಟರ್. ಶವರ್ ಕೆಳಗೆ 8 ನಿಮಿಷ ನಿಲ್ಲುತ್ತಾನೆ, ನಿಮಿಷಕ್ಕೆ 9.5 ಲೀಟರ್. ಅಡುಗೆಮನೆ ನಲ್ಲಿ 4 ನಿಮಿಷ. ಎಲ್ಲ ಕೂಡಿದರೆ ಸುಮಾರು 180 ಲೀಟರ್. ಇದು ಹೋಲಿಕೆಗೆ ಇಟ್ಟುಕೊಂಡ ಮಾಮೂಲಿ ಕಟ್ಟಡ. ಇದಕ್ಕಿಂತ ಶೇಕಡಾ 20 ಕಡಿಮೆ ತೋರಿಸಿದರೆ ಕಡ್ಡಾಯ ನಿಯಮ ಪಾಸು. ಅಂದರೆ 145 ಲೀಟರ್.

ನಮ್ಮಲ್ಲಿ ಮಾಮೂಲಿಯಾಗಿ ಒಬ್ಬರಿಗೆ ದಿನಕ್ಕೆ ಲೆಕ್ಕ ಹಾಕುವುದೇ 135 ಲೀಟರ್. ಅದರಲ್ಲಿ 45 ಲೀಟರ್ ಫ್ಲಶ್‌ಗೆ. ಬಟ್ಟೆ ಒಗೆಯುವುದು, ನೆಲ ಒರೆಸುವುದು ಎಲ್ಲವೂ ಆ 135ರ ಒಳಗೇ ಬರಬೇಕು. ಲೀಡ್ ಪಟ್ಟಿಯಲ್ಲಿ ಬಟ್ಟೆ, ನೆಲ ಎರಡೂ ಇಲ್ಲ. ಆದರೂ ‘ಉಳಿತಾಯ’ ಮಾಡಿದ ಮೇಲೆ ಬಂದ ಅಂಕಿ ನಮ್ಮ ಮಾಮೂಲಿ ಅಂಕಿಗಿಂತ ಹತ್ತು ಲೀಟರ್ ಮೇಲಿದೆ! ಬಕೆಟ್, ಚೊಂಬಿನಲ್ಲಿ ಸ್ನಾನ ಮಾಡುವವರಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಒಂದು ಬಕೆಟ್ ಅಂದರೆ 20 ಲೀಟರ್, ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಎರಡು ಬಕೆಟ್. ಪಟ್ಟಿಯ ಪ್ರಕಾರ ಸ್ನಾನಕ್ಕೆ 76 ಲೀಟರ್. ಬಕೆಟ್ ಸ್ನಾನದ ಮನೆಗೆ ಮಳೆ ಸುರಿದಂತೆ ಬೀಳುವ ಶವರ್ ಹಾಕಿಸಿ, ಅದು ಕಡಿಮೆ ನೀರಿನ ಶವರ್ ಅಂತ ಅಂಕ ತೆಗೆದುಕೊಳ್ಳಬಹುದು. ಐಜಿಬಿಸಿ ತನ್ನ ಪಟ್ಟಿಯನ್ನು ನಮ್ಮ ಬಳಕೆಗೆ ಹತ್ತಿರ ತಂದಿದೆ, ಹೆಲ್ತ್ ಫಾಸೆಟ್ಟನ್ನೂ ಸೇರಿಸಿದೆ. ಆದರೆ ಲೆಕ್ಕದ ರೀತಿ ಅದೇ. ನಲ್ಲಿಯ ಕ್ಯಾಟಲಾಗಿನಿಂದ ಅಂಕಿ ತೆಗೆ, ಸಲಕ್ಕೆ ಗುಣಿಸು.

ಕ್ಯಾಟಲಾಗಿನ ಅಂಕಿಗೂ ಒಂದು ಷರತ್ತಿದೆ. ನಲ್ಲಿಯ ಹರಿವನ್ನು ಲೀಡ್ ಲೆಕ್ಕದಲ್ಲಿ ಸುಮಾರು 4 ಬಾರ್ ಒತ್ತಡದಲ್ಲಿ ಹೇಳುತ್ತಾರೆ. ನಮ್ಮ ಕಟ್ಟಡಗಳಲ್ಲಿ ನೀರು ಇಳಿಯುವುದು ಓವರ್‌ಹೆಡ್ ಟ್ಯಾಂಕಿನಿಂದ. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್. ಮೇಲಿನ ಮಹಡಿಯವರಿಗೆ ಅರ್ಧ ಬಾರ್ ಸಿಕ್ಕರೆ ಪುಣ್ಯ. ಹದಿನೈದು ಮಹಡಿ ಕೆಳಗಿನವರಿಗೆ ನಾಲ್ಕೂವರೆ ಬಾರ್ ರಭಸದಲ್ಲಿ ನುಗ್ಗುತ್ತದೆ. ಎಲ್ಲರ ಮನೆಗೂ ಒಂದೇ ನಲ್ಲಿ, ಒಂದೇ ಏರಿಯೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಇಳಿಸುವ ಜಾಲರಿ). ಮೇಲಿನವರಿಗೆ ನೀರು ತೊಟ್ಟಿಕ್ಕುತ್ತದೆ. ಪ್ಲಂಬರನ್ನು ಕರೆಸಿ ಏರಿಯೇಟರ್ ಬಿಚ್ಚಿಸುತ್ತಾರೆ. ಅಲ್ಲಿಗೆ ಆ ಮನೆಯ ಉಳಿತಾಯ ಮುಗಿಯಿತು. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೊಂದು ಕಥೆ. ಬಿಳಿ ಉಪ್ಪು ಕಟ್ಟಿ ಜಾಲರಿ ಮುಚ್ಚಿಕೊಳ್ಳುತ್ತದೆ. 2024ರ ಮಾರ್ಚ್‌ನಲ್ಲಿ ಊರಿಡೀ ನೀರಿಗೆ ಪರದಾಡುತ್ತಿದ್ದಾಗ ಜಲಮಂಡಳಿ ಏರಿಯೇಟರ್ ಕಡ್ಡಾಯ ಮಾಡಿತು. ಒಳ್ಳೆಯದೇ ಮಾಡಿತು. ಆದರೆ ಕೆಳ ಮಹಡಿಗಳಿಗೆ ಒತ್ತಡ ಇಳಿಸುವ ವಾಲ್ವ್, ಮೇಲಿನ ಎರಡು ಮೂರು ಮಹಡಿಗೆ ಒಂದು ಪ್ರೆಶರ್ ಪಂಪ್ ಇದ್ದರೆ ಮಾತ್ರ ಅದು ನಲ್ಲಿಯಲ್ಲಿ ಉಳಿಯುತ್ತದೆ. ಇದು ಕಟ್ಟುವಾಗ ಮಾಡಬೇಕಾದ ಕೆಲಸ.

ನೀರಿನ ಮೀಟರ್ ಕೂಡ ಅಷ್ಟೇ. ಅಡುಗೆಮನೆಗೆ ಒಂದು ಪೈಪು, ಮೂರು ಬಾತ್‌ರೂಮಿಗೆ ಮೂರು, ಯುಟಿಲಿಟಿಗೆ ಒಂದು. ಒಂದು ಫ್ಲಾಟಿಗೆ ಐದು ಕಡೆಯಿಂದ ನೀರು ಬಂದರೆ ಐದು ಮೀಟರ್ ಬೇಕು. ಅಷ್ಟು ಖರ್ಚು ಯಾರು ಮಾಡುತ್ತಾರೆ? ಅದಕ್ಕೇ ನೀರಿನ ದುಡ್ಡನ್ನು ಚದರಡಿ ಲೆಕ್ಕದಲ್ಲಿ ಹಂಚುವುದು. ಇಬ್ಬರೇ ಇರುವ ಮನೆಯವರು ಆರು ಜನರ ಮನೆಯ ನೀರಿಗೂ ದುಡ್ಡು ಕಟ್ಟುತ್ತಾರೆ, ಪ್ರತಿ ಸಭೆಯಲ್ಲೂ ಇದೇ ಜಗಳ. ಮೊದಲೇ ಒಂದು ಕಡೆಯಿಂದ ನೀರು ತಂದು ಮನೆಯೊಳಗೆ ಹಂಚಿದ್ದರೆ ಒಂದು ಮೀಟರ್ ಸಾಕಿತ್ತು. ನನ್ನ ಅನುಭವದಲ್ಲಿ, ಎಷ್ಟು ಬಳಸಿದ್ದೇವೆ ಅಂತ ಮನೆಯವರ ಕಣ್ಣಿಗೆ ಕಂಡರೆ ಉಳಿಯುವಷ್ಟು ನೀರು ಯಾವ ಕಡಿಮೆ ನೀರಿನ ನಲ್ಲಿಯಿಂದಲೂ ಉಳಿಯುವುದಿಲ್ಲ.

ಎಸ್‌ಟಿಪಿ ಬಗ್ಗೆ ಹೇಳದಿದ್ದರೆ ಬೆಂಗಳೂರಿನ ಓದುಗರು ನನ್ನನ್ನು ಬಿಡುವುದಿಲ್ಲ. 200 ಫ್ಲಾಟ್, 800 ಜನ, ಒಬ್ಬರಿಗೆ 135 ಲೀಟರ್ ಅಂದರೆ ದಿನಕ್ಕೆ 1,08,000 ಲೀಟರ್. ಅದರಲ್ಲಿ ಶೇಕಡಾ 80 ಕೊಳಚೆಯಾಗಿ ಬಂದರೆ 86,000 ಲೀಟರ್. ಶುದ್ಧ ಮಾಡಿ ಫ್ಲಶ್‌ಗೆ ಬಿಟ್ಟರೂ ಖರ್ಚಾಗುವುದು 36,000. ಗಿಡಗಳಿಗೆ ಒಂದಿಷ್ಟು. ಉಳಿದ ನೀರು ಏನು ಮಾಡಬೇಕು? 2024ರಲ್ಲಿ ಸರ್ಕಾರ ಅರ್ಧದಷ್ಟು ಶುದ್ಧ ನೀರನ್ನು ಹೊರಗೆ ಮಾರಬಹುದು ಅಂತ ಅನುಮತಿ ಕೊಟ್ಟಿತು. ಕೊಳ್ಳುವವರು ಸಿಗಬೇಕಾದರೆ ನೀರು ವಾಸನೆ ಬರಬಾರದು. ವಾಸನೆ ಬರಬಾರದು ಅಂದರೆ ಕೊಳಚೆಗೆ ಗಾಳಿ ಊದುವ ಬ್ಲೋವರ್ ಹಗಲೂ ರಾತ್ರಿ ಓಡಬೇಕು. ಕರೆಂಟ್ ಬಿಲ್ಲು ಜಾಸ್ತಿ ಬಂತು, ರಾತ್ರಿ ಸದ್ದಿಗೆ ನಿದ್ದೆ ಬರಲ್ಲ ಅಂತ ಯಾರೋ ದೂರು ಕೊಡುತ್ತಾರೆ. ಆಪರೇಟರ್ ರಾತ್ರಿ ಬ್ಲೋವರ್ ಆಫ್ ಮಾಡುತ್ತಾನೆ. ಗಾಳಿ ಇಲ್ಲದೆ ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ಸಾಯುತ್ತವೆ. ಎರಡು ದಿನದಲ್ಲಿ ಫ್ಲಶ್ ನೀರು ನಾತ ಹೊಡೆಯುತ್ತದೆ. ಆಮೇಲೆ ಯಾರಿಗೂ ಹೇಳದೆ ಫ್ಲಶ್ ಲೈನಿಗೆ ಟ್ಯಾಂಕರ್ ನೀರು ಬಿಡುತ್ತಾರೆ. ಸರ್ಟಿಫಿಕೇಟಿನಲ್ಲಿ ಮಾತ್ರ ‘ಕೊಳಚೆ ನೀರಿನ ಪೂರ್ಣ ಮರುಬಳಕೆ’ ಅಂತ ಅಂಕ ಹಾಗೇ ಕೂತಿರುತ್ತದೆ.

ಇಲ್ಲಿ ನೀರು, ಕರೆಂಟು ಬೇರೆ ಬೇರೆ ಅಲ್ಲ ಅನ್ನುವುದನ್ನೂ ಗಮನಿಸಬೇಕು. ಕಾವೇರಿ ನೀರು ಬೆಂಗಳೂರಿಗೆ ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ತರಲು ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಬೇಕು. ಪಂಪು, ಪೈಪಿನ ನಷ್ಟ ಸೇರಿದರೆ ಎರಡು ಯೂನಿಟ್ ಹತ್ತಿರ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಯೋಜನೆಯ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ವ್ಯವಸ್ಥೆ ಆಯಿತು. ಅದೂ ಹೀಗೇ ಹತ್ತಿ ಬರುವ ನೀರು. ನಮ್ಮ ತಲೆ ಮೇಲೆ ಬೀಳುವ ಮಳೆಗೆ ಪಂಪೇ ಬೇಡ. ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಬೀಳುವ ಊರು ಇದು. ಸಾವಿರ ಚದರ ಮೀಟರ್ ತಾರಸಿ ಇದ್ದರೆ ಸುಮಾರು ಎಂಟು ಲಕ್ಷ ಲೀಟರ್ ಹಿಡಿಯಬಹುದು. ಮಳೆನೀರು ಕೊಯ್ಲು 2009ರಿಂದ ಕಾನೂನಾಗಿದೆ. ಆದರೆ ಇಂಗುಗುಂಡಿ ತೋಡಿ ಮುಚ್ಚಳ ಹಾಕಿದ ಮೇಲೆ ಅದನ್ನು ತೆರೆದು ಹೂಳು ತೆಗೆಯುವವರು ಎಷ್ಟು ಜನ? ಗುಂಡಿ ಇದೆಯಾ ಅಂತ ಕೇಳುತ್ತಾರೆ, ಅದರೊಳಗೆ ನೀರು ಇಳಿಯಿತಾ ಅಂತ ಕೇಳುವುದಿಲ್ಲ.

ಬೆಳಕಿನ ವಿಷಯ ಇಷ್ಟು ಸಿಕ್ಕಲ್ಲ, ಬೇಗ ಹೇಳಿಬಿಡುತ್ತೇನೆ. ಕೇಂದ್ರದ ಇಂಧನ ಸಂಹಿತೆ, ಅಂದರೆ ಇಸಿಬಿಸಿ, 2007ರಲ್ಲಿ ಕಚೇರಿಗೆ ಚದರ ಮೀಟರಿಗೆ 10.8 ವ್ಯಾಟ್ ಲೈಟು ಸಾಕು ಅಂದಿತ್ತು. 2017ರಲ್ಲಿ ಅದನ್ನು 9.5ಕ್ಕೆ ಇಳಿಸಿತು. ಅಷ್ಟರೊಳಗೆ ಎಲ್‌ಇಡಿ ಬಂದು ಎಲ್ಲ ತಲೆಕೆಳಗಾಯಿತು. 2015ರಲ್ಲಿ ಶುರುವಾದ, ಅಗ್ಗದಲ್ಲಿ ಬಲ್ಬು ಹಂಚುವ ಕೇಂದ್ರದ ಉಜಾಲಾ ಯೋಜನೆಯಿಂದ ಬಲ್ಬಿನ ಬೆಲೆ ಪಾತಾಳಕ್ಕಿಳಿಯಿತು. ಈಗ ಸುಮ್ನೆ ಅಂಗಡಿಗೆ ಹೋಗಿ ಎಲ್‌ಇಡಿ ತಂದು ಹಾಕಿದರೂ ಐದಾರು ವ್ಯಾಟಿನಲ್ಲಿ ಕೆಲಸ ಮುಗಿಯುತ್ತದೆ. ಹಾಗಾಗಿ ‘ಬೆಳಕಿನಲ್ಲಿ ಶೇಕಡಾ 40 ಉಳಿತಾಯ’ ಅಂತ ಬ್ರೋಷರಿನಲ್ಲಿ ಕಂಡರೆ ಬಿಲ್ಡರ್ ಏನೋ ಸಾಹಸ ಮಾಡಿದ್ದಾರೆ ಅಂದುಕೊಳ್ಳಬೇಡಿ. ಮಾರುಕಟ್ಟೆಯಲ್ಲಿ ಬೇರೆ ಬಲ್ಬೇ ಸಿಗುತ್ತಿಲ್ಲ.

ಕೇಳಬೇಕಾದದ್ದು ಎಷ್ಟು ವ್ಯಾಟ್ ಅಂತಲ್ಲ, ಎಷ್ಟು ಹೊತ್ತು ಅಂತ. ಬೇಸ್‌ಮೆಂಟಿನಲ್ಲಿ 18 ವ್ಯಾಟಿನ 300 ಟ್ಯೂಬು ಹಗಲು ರಾತ್ರಿ ಉರಿದರೆ ವರ್ಷಕ್ಕೆ 47,000 ಯೂನಿಟ್. ಸೆನ್ಸರ್ ಹಾಕಿರುತ್ತಾರೆ, ನಿಜ. ಆದರೆ ಮೂವತ್ತು ಸೆಕೆಂಡಿಗೆ ಪೂರ್ತಿ ಕತ್ತಲಾಗುವ ಹಾಗೆ ಹಾಕಿರುತ್ತಾರೆ. ಕಾರಿನಿಂದ ಸಾಮಾನು ಇಳಿಸುವಷ್ಟರಲ್ಲಿ ಗವ್ ಅನ್ನುವ ಕತ್ತಲು. ವಯಸ್ಸಾದವರು ಎಡವುತ್ತಾರೆ, ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ ಭಯ. ಒಂದು ವಾರದಲ್ಲಿ ಎಲೆಕ್ಟ್ರಿಷಿಯನ್ ಬಂದು ಸೆನ್ಸರನ್ನು ಬೈಪಾಸ್ ಮಾಡಿ ಹೋಗುತ್ತಾನೆ. ಯಾರ ಮೇಲೆ ತಪ್ಪು ಹೊರಿಸುತ್ತೀರಿ? ಆಫ್ ಮಾಡುವ ಬದಲು ಅರ್ಧಕ್ಕೆ ಮಂದ ಮಾಡುವ ಸೆನ್ಸರ್ ಹಾಕಿ, ಐದು ನಿಮಿಷ ಕಾಯುವ ಹಾಗೆ ಇಟ್ಟಿದ್ದರೆ ಯಾರೂ ಅದರ ಕಡೆ ತಿರುಗಿ ನೋಡುತ್ತಿರಲಿಲ್ಲ. ದಿನಕ್ಕೆ 14 ಗಂಟೆ ಅರ್ಧ ಬೆಳಕಿನಲ್ಲಿ ಇದ್ದರೂ ವರ್ಷಕ್ಕೆ ಸುಮಾರು 13,800 ಯೂನಿಟ್ ಮಿಗುತ್ತದೆ. ಸರ್ಟಿಫಿಕೇಟಿಗೆ ಎರಡೂ ಸೆನ್ಸರೇ, ಎರಡಕ್ಕೂ ಅಂಕ ಒಂದೇ.

ಹಗಲು ಬೆಳಕಂತೂ ಎಲ್ಲಕ್ಕಿಂತ ಅಗ್ಗ. ಹೆಂಚಿನ ಮನೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚು ಕೂರಿಸಿ ಇಡೀ ಅಡುಗೆಮನೆಗೆ ಬೆಳಕು ತಂದವರು ನಮ್ಮವರೇ. ಈಗಿನ ಟವರುಗಳ ಕಾರಿಡಾರಿನಲ್ಲಿ ಮಟಮಟ ಮಧ್ಯಾಹ್ನ ಲೈಟು ಉರಿಯುತ್ತದೆ. ಎರಡೂ ಕಡೆ ಮನೆ, ನಡುವೆ ಸುರಂಗ. ಕಚೇರಿಗಳದ್ದು ಇದಕ್ಕೆ ಉಲ್ಟಾ. ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳ ಒಳಗೆ ಹೋಗಿ ನೋಡಿ. ಕಣ್ಣು ಕುಕ್ಕುತ್ತದೆ ಅಂತ ಪರದೆ ಎಳೆದು, ಒಳಗೆ ಲೈಟು ಹಾಕಿಕೊಂಡು ಕೂತಿರುತ್ತಾರೆ. 2017ರ ಇಸಿಬಿಸಿ ಈ ವಿಷಯದಲ್ಲಿ ಜಾಣತನ ತೋರಿಸಿದೆ. ಅದು 100ರಿಂದ 2000 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ನಡುವಿನ ಬೆಳಕನ್ನು ಮಾತ್ರ ಉಪಯೋಗದ ಬೆಳಕು ಅಂತ ಎಣಿಸುತ್ತದೆ. ಅದಕ್ಕೂ ಮೇಲೆ ಹೋದರೆ ಲೆಕ್ಕಕ್ಕಿಲ್ಲ.

ಇನ್ನು ಕರೆಂಟು. ಇಲ್ಲಿ ನನಗೆ ತುಂಬ ಸಿಟ್ಟು ಬರಿಸುವ ಒಂದು ಲೆಕ್ಕ ಇದೆ. ಕಂಪ್ಯೂಟರಿನಲ್ಲಿ ಎರಡು ಕಟ್ಟಡ ಮಾಡುತ್ತೇವೆ. ಒಂದು, ನಿಜವಾಗಿ ಕಟ್ಟಲಿರುವುದು. ಇನ್ನೊಂದು, ಅದೇ ಆಕಾರದ, ನಿಯಮಕ್ಕೆ ಕಷ್ಟಪಟ್ಟು ಪಾಸಾಗುವ ‘ಬೇಸ್ ಕೇಸ್’. ಆ ಎರಡನೆಯದು ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ. ಅದಕ್ಕಿಂತ ಇದು ಎಷ್ಟು ಕಡಿಮೆ ಕರೆಂಟ್ ಎಳೆಯುತ್ತದೆ ಅಂತ ಅಂಕ. ಹಾಗಾಗಿ ಐದು ಎಸಿ ಇರುವ ಭಾರಿ ಫ್ಲಾಟು ಚೆನ್ನಾಗಿ ಅಂಕ ತೆಗೆಯಬಹುದು, ಫ್ಯಾನಿನಲ್ಲೇ ಜೀವನ ನಡೆಯುವ ಪುಟ್ಟ ಮನೆಗೆ ಅಂಕ ಬರದೇ ಹೋಗಬಹುದು. ತನ್ನದೇ ಕೆಟ್ಟ ಜೋಡಿಯ ಜೊತೆ ಓಡಿ ಗೆದ್ದೆ ಅಂದರೆ ಏನು ಹೇಳೋಣ?

ಬೆಂಗಳೂರಿನ ಹವಾಮಾನವನ್ನು ಇಸಿಬಿಸಿ ‘ಮಿತ’ ವಲಯಕ್ಕೆ ಸೇರಿಸಿದೆ. ದೆಹಲಿಯವರಿಗೂ ಚೆನ್ನೈಯವರಿಗೂ ಇಲ್ಲದ ಭಾಗ್ಯ ಇದು. ದಿಕ್ಕು ನೋಡಿ ಕಿಟಕಿ ಇಟ್ಟು, ಮೇಲೆ ಒಂದು ಸಜ್ಜಾ ಎಳೆದು, ಗಾಳಿಗೆ ದಾರಿ ಬಿಟ್ಟರೆ ವರ್ಷದಲ್ಲಿ ಬಹುಪಾಲು ದಿನ ಎಸಿ ಬೇಡ. ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಚೇರಿ ಇದೆ. ವಿನ್ಯಾಸ ಸಂಜಯ್ ಮೋಹೆ ಅವರದು. ಸೈಟಿನ ದಕ್ಷಿಣಕ್ಕೆ ನಾತದ ಮೋರಿ ಇತ್ತು, ಗಾಳಿಯೂ ಆ ಕಡೆಯಿಂದಲೇ. ಅವರು ಆ ಕಡೆ ಗೋಡೆ ಮುಚ್ಚಿದರು. ಅದಕ್ಕೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದಾಗ ಗೋಡೆಯೊಳಗಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಆ ಜಾಗ ತುಂಬಲು ಉತ್ತರದಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ಮೋರಿ ಪಕ್ಕದ ಸೈಟಿನಲ್ಲೇ ಇಷ್ಟು ಮಾಡಬಹುದು ಅಂದಮೇಲೆ, ಹತ್ತಾರು ಎಕರೆ ಖಾಲಿ ಜಾಗ ಇರುವ ಪ್ರಾಜೆಕ್ಟುಗಳಿಗೆ ನೆಪ ಇಲ್ಲ.

ಮನೆಗಳಿಗೆಂದೇ 2018ರ ಡಿಸೆಂಬರ್‌ನಲ್ಲಿ ಇಕೋ ನಿವಾಸ್ ಸಂಹಿತೆ ಬಂತು. ಗೋಡೆ, ಕಿಟಕಿ ಮೂಲಕ ಒಳಬರುವ ಶಾಖ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಅನ್ನುತ್ತದೆ ಅದು. ನಮ್ಮ ವಲಯದಲ್ಲಿ ತೆರೆಯುವ ಕಿಟಕಿ ನೆಲದ ಅಳತೆಯ ಎಂಟನೇ ಒಂದರಷ್ಟಾದರೂ ಇರಬೇಕು ಅಂತಲೂ ಹೇಳುತ್ತದೆ. ‘ತೆರೆಯುವ’ ಅನ್ನುವುದನ್ನು ಗಮನಿಸಿ. ಎರಡು ಬಾಗಿಲ ಸ್ಲೈಡಿಂಗ್ ಕಿಟಕಿ ತೆರೆಯುವುದು ಅರ್ಧ ಮಾತ್ರ. ಗೋಡೆ ತುಂಬ ಗಾಜು ಕಾಣುತ್ತದೆ, ಬಿಸಿಲು ಪೂರ್ತಿ ಬರುತ್ತದೆ, ಗಾಳಿ ಮಾತ್ರ ಅರ್ಧ ಬರುತ್ತದೆ.

ಸೋಲಾರ್ ವಾಟರ್ ಹೀಟರಿನದೂ ಹೀಗೇ ಒಂದು ಎಡವಟ್ಟು. ಇಪ್ಪತ್ತು ಮಹಡಿಯ ತಾರಸಿಯಲ್ಲಿ ಎಲ್ಲರಿಗೂ ಸಾಲುವಷ್ಟು ಜಾಗ ಇರುವುದಿಲ್ಲ. ಮೇಲಿನ ಕೆಲವು ಮಹಡಿಗೆ ಮಾತ್ರ ಕೊಡುತ್ತಾರೆ. ಅಲ್ಲೂ ಬಿಸಿನೀರು ಸುತ್ತುವ ಲೈನ್ ಹಾಕದಿದ್ದರೆ, ಪೈಪಿನಲ್ಲಿ ನಿಂತ ತಣ್ಣೀರು ಪೂರ್ತಿ ಮೋರಿಗೆ ಹೋದ ಮೇಲೆ ಬಿಸಿನೀರು ಬರುತ್ತದೆ. ಕರೆಂಟ್ ಉಳಿಸಲು ಹೋಗಿ ಬೆಳಿಗ್ಗೆ ಬೆಳಿಗ್ಗೆ ಬಕೆಟ್‌ಗಟ್ಟಲೆ ನೀರು ಹಾಳು.

ಇಷ್ಟೆಲ್ಲ ಕೇಳಿದ ಮೇಲೆ ತಾವು ಹೇಳಬಹುದು, ರೇಟಿಂಗ್ ಕೊಡುವುದು ಖಾಸಗಿ ವ್ಯವಸ್ಥೆ, ನಮಗೇನು ಸಂಬಂಧ ಅಂತ. ಸಂಬಂಧ ಇದೆ. 2016ರ ರೇರಾ ಕಾಯ್ದೆಯ 12ನೇ ಕಲಂ ಜಾಹೀರಾತು, ಬ್ರೋಷರಿನಲ್ಲಿ ಹೇಳಿದ ಮಾತು ಸುಳ್ಳಾದರೆ ಬಿಲ್ಡರ್ ಪರಿಹಾರ ಕೊಡಬೇಕು ಅನ್ನುತ್ತದೆ. ‘ಶೇಕಡಾ 30 ನೀರು ಉಳಿತಾಯ’ ಅನ್ನುವುದು ಬ್ರೋಷರಿನ ಮಾತೇ ತಾನೆ? 14ನೇ ಕಲಂ ಪ್ರಕಾರ ಸೇವೆಗಳಲ್ಲಿ ದೋಷ ಕಂಡರೆ ಐದು ವರ್ಷ ಬಿಲ್ಡರದೇ ಹೊಣೆ. ನಾತ ಹೊಡೆಯುವ ಎಸ್‌ಟಿಪಿ ಇದರೊಳಗೆ ಬರಬೇಕು. 17ನೇ ಕಲಂ ದಾಖಲೆ, ನಕ್ಷೆಗಳನ್ನು 30 ದಿನದೊಳಗೆ ಅಸೋಸಿಯೇಷನ್‌ಗೆ ಕೊಡಬೇಕು ಅನ್ನುತ್ತದೆ. ಆ ದಾಖಲೆಗಳ ಜೊತೆ ಹಸಿರು ರೇಟಿಂಗಿನ ಲೆಕ್ಕಪತ್ರವೂ ಇರಬೇಕು ಅಂತ ತಾವು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ನಮ್ಮ ಕಟ್ಟಡ ಹಸ್ತಾಂತರ ಆದಾಗ ನಾನು ಈ ಲೆಕ್ಕಪತ್ರ ಕೇಳಿದೆ. ‘ಅದು ಕನ್ಸಲ್ಟೆಂಟ್ ಹತ್ತಿರ ಇದೆ ಸಾರ್’ ಅಂದರು. ಕನ್ಸಲ್ಟೆಂಟ್ ಹತ್ತಿರ ಕೇಳಿದರೆ ‘ಬಿಲ್ಡರ್ ಒಪ್ಪಿಗೆ ಬೇಕು’ ಅಂದರು. ಎಸ್‌ಟಿಪಿಯನ್ನು ಎಷ್ಟು ಜನಕ್ಕೆ ಅಂತ ಲೆಕ್ಕ ಹಾಕಿ ಕಟ್ಟಿದ್ದಾರೆ ಅನ್ನುವ ಹಾಳೆ ಇಲ್ಲದೆಯೇ ಅದನ್ನು ನಡೆಸುತ್ತಿದ್ದೇವೆ.

ಇನ್ನೂ ಒಂದಿದೆ. ಅದೇ ಕಾಯ್ದೆಯ 32ನೇ ಕಲಂ, ಪರಿಸರಕ್ಕೆ ಒಗ್ಗುವ ಮನೆಗಳನ್ನು ಬೆಳೆಸಲು ಮತ್ತು ಪ್ರಾಜೆಕ್ಟುಗಳಿಗೆ ದರ್ಜೆ ಕೊಡಲು ಸರ್ಕಾರಕ್ಕೆ ಶಿಫಾರಸು ಮಾಡುವ ಕೆಲಸವನ್ನು ತಮಗೇ ವಹಿಸಿದೆ. ದರ್ಜೆ ಕೊಡುವುದಾದರೆ ಅಳೆದು ಕೊಡಿ ಅಂತಷ್ಟೇ ನಾನು ಕೇಳುತ್ತಿರುವುದು.

ಹೀಗೆ ಅಳೆಯುವುದು ಹೊಸದೇನಲ್ಲ. ಆಸ್ಟ್ರೇಲಿಯಾದ ನೇಬರ್ಸ್ ರೇಟಿಂಗ್ 12 ತಿಂಗಳ ನಿಜವಾದ ಮೀಟರ್ ಲೆಕ್ಕದ ಮೇಲೆ ನಿಂತಿದೆ. ಅಲ್ಲಿ ದೊಡ್ಡ ಕಚೇರಿ ಜಾಗ ಮಾರುವಾಗ, ಬಾಡಿಗೆಗೆ ಕೊಡುವಾಗ ಆ ರೇಟಿಂಗ್ ತೋರಿಸಲೇಬೇಕು ಅಂತ 2010ರಲ್ಲೇ ಕಾನೂನು ಮಾಡಿದರು. ನ್ಯೂಯಾರ್ಕಿನಲ್ಲಿ ದೊಡ್ಡ ಕಟ್ಟಡಗಳು ತಮ್ಮ ಎನರ್ಜಿ ಗ್ರೇಡನ್ನು 2020ರಿಂದ ಬಾಗಿಲ ಹತ್ತಿರ ಅಂಟಿಸಬೇಕು. ಅಷ್ಟು ದೂರ ಯಾಕೆ, ನಮ್ಮದೇ ಬಿಇಇ, ಅಂದರೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ, 2009ರಲ್ಲಿ ಕಚೇರಿ ಕಟ್ಟಡಗಳಿಗೆ ಸ್ಟಾರ್ ಕೊಡಲು ಶುರು ಮಾಡಿದ್ದು ನಿಜವಾದ ಬಳಕೆ ನೋಡಿ, ಚದರ ಮೀಟರಿಗೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ. ಲೀಡ್ ಕೂಡ ನಾಲ್ಕನೇ ಆವೃತ್ತಿಯಲ್ಲಿ ಇಡೀ ಕಟ್ಟಡದ ನೀರು, ಕರೆಂಟಿನ ಲೆಕ್ಕವನ್ನು ಐದು ವರ್ಷ ತನಗೆ ಕಳಿಸುವುದಾಗಿ ಬರೆಸಿಕೊಳ್ಳುತ್ತದೆ. ಅಮೆರಿಕಕ್ಕೆ ಹೋಗುವ ಅಂಕಿ ಇಲ್ಲಿ ಮನೆ ಕೊಂಡವರಿಗೆ ಸಿಗಬಾರದಾ?

ಬಿಲ್ಡರುಗಳು ಹೇಳುವ ಮಾತೂ ನನಗೆ ಗೊತ್ತು. ‘ಜನ ಹೇಗೆ ಬಳಸುತ್ತಾರೋ ಅದಕ್ಕೆ ನಾವು ಹೊಣೆಯಾ?’ ಅರ್ಧ ನ್ಯಾಯವಾದ ಪ್ರಶ್ನೆ. ಮನೆಯೊಳಗೆ ಯಾರು ಎಷ್ಟು ಎಸಿ ಹಾಕಿಕೊಂಡರು ಅನ್ನುವುದು ಅವರ ಕೈಯಲ್ಲಿಲ್ಲ. ಅದಕ್ಕೇ ನಾನು ಕಾಮನ್ ಏರಿಯಾ ಲೆಕ್ಕ ಮಾತ್ರ ಕೇಳುತ್ತಿದ್ದೇನೆ. ಲಿಫ್ಟ್, ಪಂಪು, ಎಸ್‌ಟಿಪಿ, ಬೇಸ್‌ಮೆಂಟ್ ಲೈಟು, ಇವನ್ನು ಆರಿಸಿದವರು, ಕೂರಿಸಿದವರು ಬಿಲ್ಡರೇ. ನೀರಿನ ವಿಷಯದಲ್ಲೂ ಕಾವೇರಿ, ಬೋರ್‌ವೆಲ್, ಟ್ಯಾಂಕರ್, ಎಸ್‌ಟಿಪಿಯಿಂದ ಮರಳಿ ಬಂದದ್ದು, ನಾಲ್ಕಕ್ಕೂ ಒಂದೊಂದು ಮೀಟರ್ ಇದ್ದರೆ ಲೆಕ್ಕ ತಾನಾಗಿ ಬರುತ್ತದೆ. ಅರ್ಧದಷ್ಟು ಮನೆ ಖಾಲಿ ಇರುವಾಗ ಅಂಕಿ ತಪ್ಪು ಚಿತ್ರ ಕೊಡುತ್ತದೆ ಅನ್ನುವುದೂ ಸರಿ. ಮುಕ್ಕಾಲು ಪಾಲು ಮನೆ ತುಂಬಿದ ಮೇಲಿನ ಹನ್ನೆರಡು ತಿಂಗಳು ಅಂತ ಇಟ್ಟುಕೊಳ್ಳಬಹುದು.

ಮನೆ ಹುಡುಕುತ್ತಿರುವವರು ಇದನ್ನು ಓದುತ್ತಿದ್ದರೆ ಸುತ್ತೋಲೆಗೆ ಕಾಯಬೇಡಿ. ಸೇಲ್ಸ್ ಆಫೀಸಿನಲ್ಲಿ ಯಾವ ರೇಟಿಂಗ್, ಯಾವ ಆವೃತ್ತಿ, ಪ್ರಿ-ಸರ್ಟಿಫಿಕೇಟಾ ಕೊನೆಯದಾ ಅಂತ ಕೇಳಿ. ಅದೇ ಬಿಲ್ಡರ್ ಹಿಂದೆ ಕಟ್ಟಿದ ಅಪಾರ್ಟ್‌ಮೆಂಟಿಗೆ ಒಂದು ಭಾನುವಾರ ಹೋಗಿ, ಅಲ್ಲಿನ ಅಸೋಸಿಯೇಷನ್‌ನವರನ್ನು ಟ್ಯಾಂಕರ್ ಬಿಲ್ಲು ತಿಂಗಳಿಗೆ ಎಷ್ಟು ಬರುತ್ತದೆ ಅಂತ ವಿಚಾರಿಸಿ. ಅವರು ಕೂರಿಸಿ ಕಾಫಿ ಕೊಟ್ಟು ಎಲ್ಲ ಹೇಳುತ್ತಾರೆ.

ಮಾನ್ಯರೇ, ಹೊಸ ನಿಯಮ ರೂಪಿಸಲು ಸಮಯ ಬೇಕು, ನನಗೆ ಅರ್ಥವಾಗುತ್ತದೆ. ಅಲ್ಲಿಯವರೆಗೆ 37ನೇ ಕಲಂ ಪ್ರಕಾರ ನಿರ್ದೇಶನ ಕೊಡುವ ಅಧಿಕಾರ ತಮಗಿದೆ. ಬ್ರೋಷರಿನಲ್ಲಿ ಹಸಿರು ರೇಟಿಂಗ್ ಹೇಳಿಕೊಂಡು, ಒಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಪಡೆದು ಎರಡು ವರ್ಷ ಕಳೆದ ಪ್ರಾಜೆಕ್ಟುಗಳಿಂದ ಮೊದಲು ಎರಡು ಕಾಗದ ಕೇಳಿ. ಒಂದು, ಕೊನೆಯ ಸರ್ಟಿಫಿಕೇಟ್. ಇನ್ನೊಂದು, ಕಾಮನ್ ಏರಿಯಾದ ಬೆಸ್ಕಾಂ ಬಿಲ್ಲು. ಅದಕ್ಕೆ ಪ್ರತ್ಯೇಕ ಆರ್.ಆರ್. ನಂಬರ್ ಇದ್ದೇ ಇರುತ್ತದೆ, ಹೊಸ ಮೀಟರ್ ಹಾಕಿಸಬೇಕಾಗಿಲ್ಲ, ಯಾರಿಗೂ ಒಂದು ರೂಪಾಯಿ ಖರ್ಚಿಲ್ಲ. ಅಂಕಿಗಳನ್ನು ಯಾವ ನಮೂನೆಯಲ್ಲಿ ಕೇಳಬೇಕು ಅಂತ ಒಂದು ಪುಟದ ಕರಡು ಈಗಾಗಲೇ ಮಾಡಿಟ್ಟಿದ್ದೇನೆ. ತಾವು ಕೇಳಿದ ದಿನವೇ ಕಚೇರಿಗೆ ತಂದು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಎಲೆಕ್ಟ್ರಿಕಲ್ ಇಂಜಿನಿಯರ್ ಮತ್ತು ಫ್ಲಾಟ್ ಮಾಲೀಕ